ತೋರಿಕೆಯೂ ಯೋಗ್ಯತೆಯೂ

ಮನುಷ್ಯನ ಯೋಗ್ಯತೆಯೆಂಬುದು ಅಂತರಂಗದ ವಸ್ತು. ಅದನ್ನು ಇನ್ನೊಬ್ಬನು ತಿಳಿಯಬೇಕಾದರೆ ಹೊರಗೆ ಕಾಣುವ ಗುರುತುಗಳ ಮೂಲಕ ತಿಳಿಯಬೇಕಲ್ಲದೆ ಅನ್ಯಮಾರ್ಗವಿಲ್ಲ. ಆಡುವ ಮಾತು, ಮಾಡುವ ಕೆಲಸ, ಕೇಳುವ ಪ್ರಶ್ನೆ, ತಪ್ಪಿದಾಗ ನಡೆದುಕೊಳ್ಳುವ ಬಗೆ—ಇವೇ ಆ ಗುರುತುಗಳು. ಹೀಗಿರುವಲ್ಲಿ ‘ತೋರು’ ಎಂಬ ಕ್ರಿಯಾಪದಕ್ಕೆ ಯಾವ ದೋಷವೂ ಅಂಟಬೇಕಾಗಿಲ್ಲ. ದಾರಿ ತೋರುವವನನ್ನು ಲೋಕವು ಉಪಕಾರಿಯೆಂದೇ ಎಣಿಸುತ್ತದೆ. ಆದರೆ ಅದೇ ಧಾತುವಿನಿಂದ ಹುಟ್ಟಿದ ‘ತೋರಿಕೆ’ ಎಂಬ ಶಬ್ದವು ಮಾತ್ರ ಕನ್ನಡದಲ್ಲಿ ಬಹುಕಾಲದಿಂದ ಕೀಳರ್ಥವನ್ನು ಹೊತ್ತುಕೊಂಡಿದೆ. ತೋರಿಕೆಯ ಸ್ನೇಹವೆಂದರೆ ಸುಳ್ಳು ಸ್ನೇಹ. ತೋರಿಕೆಯ ಭಕ್ತಿಯೆಂದರೆ ಡಂಭ. ಒಂದೇ ಬೇರಿನ ಎರಡು ಕವಲುಗಳಲ್ಲಿ ಒಂದು ಸಿಹಿಯಾಗಿ ಮತ್ತೊಂದು ಕಹಿಯಾದುದು ಎಲ್ಲಿ, ಏತರಿಂದ, ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯು ಬಾಳಿನಲ್ಲಿ ಅನೇಕ ಕಡೆ ತಲೆಯೆತ್ತುತ್ತದೆಯಾದರೂ, ಮೊದಲ ಉದ್ಯೋಗಕ್ಕಾಗಿ ಪರೀಕ್ಷಕರ ಮುಂದೆ ಕುಳಿತ ತರುಣನ ವಿಷಯದಲ್ಲಿ ಬಹಳ ಹರಿತವಾಗುತ್ತದೆ. ಇಂಜಿನಿಯರಿಂಗ್ ಕಾಲೇಜನ್ನು ಆಗತಾನೆ ಬಿಟ್ಟ ಹುಡುಗನೋ ಹುಡುಗಿಯೋ ಬೆಂಗಳೂರಿನ ಒಂದು ಕಂಪೆನಿಯ ಕಿರಿಯ ತಾಂತ್ರಿಕ ಹುದ್ದೆಗೆ ಅರ್ಜಿ ಹಾಕಿಕೊಂಡಿರುವರು. ಓದಿಗಾಗಿ ಮಾಡಿದ ಸಾಲ ಮನೆಯಲ್ಲಿದೆ. ತಮ್ಮನ ಶಾಲೆ, ತಂಗಿಯ ಮದುವೆ, ತಂದೆಯ ಕಾಯಿಲೆ ಎಲ್ಲವೂ ಈ ಒಂದು ಸಂಬಳವನ್ನು ನೋಡುತ್ತಿವೆ. ಪರೀಕ್ಷಕರು ಅಪರಿಚಿತರು, ದೊರೆಯುವ ಕಾಲ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅಷ್ಟರೊಳಗೆ ಒಳ್ಳೆಯ ಅಭಿಪ್ರಾಯವನ್ನು ಮೂಡಿಸಬೇಕು. ಆ ಅಭಿಪ್ರಾಯಕ್ಕಾಗಿ ಉಮೇದುವಾರನು ಎಷ್ಟರಮಟ್ಟಿಗೆ ಪ್ರಯತ್ನಪಡಬಹುದು? ಎಲ್ಲಿಯವರೆಗೆ ಅದು ಯೋಗ್ಯತೆಯ ಪ್ರಕಾಶನ, ಎಲ್ಲಿಂದ ಮುಂದೆ ಅದು ವಂಚನೆ?

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಮೊದಲನೆಯ ಪಕ್ಷದವರು ಹೇಳುವುದು ಹೀಗೆ: ಇದ್ದುದನ್ನು ಇದ್ದಂತೆ ಬಿಡಬೇಕು, ತುಂಬಿದ ಕೊಡ ತುಳುಕುವುದಿಲ್ಲ, ಯೋಗ್ಯತೆಯಿರುವವನನ್ನು ಲೋಕವೇ ಹುಡುಕಿಕೊಂಡು ಬರುತ್ತದೆ, ಮೆಚ್ಚಿಸಬೇಕೆಂಬ ಹಂಬಲವೇ ಅರ್ಧ ಸುಳ್ಳು. ಎರಡನೆಯ ಪಕ್ಷದವರು ವ್ಯವಹಾರಜ್ಞರು. ಅವರ ಮಾತು ಇದು: ಸಂದರ್ಶನವೆಂಬುದು ಒಂದು ಪಂದ್ಯ, ಕಂಪೆನಿಯೂ ತನ್ನ ದೋಷಗಳನ್ನು ಮುಚ್ಚಿ ಗುಣಗಳನ್ನೇ ತೋರಿಸುತ್ತದೆ, ಎಲ್ಲರೂ ಹೆಚ್ಚಿಸಿ ಹೇಳುವಲ್ಲಿ ಒಬ್ಬನೇ ತಗ್ಗಿಸಿ ಹೇಳಿದರೆ ಅದು ಸತ್ಯವಲ್ಲ, ಪೆದ್ದುತನ, ಕೆಲಸ ಸಿಕ್ಕ ಮೇಲೆ ಕಲಿತುಕೊಂಡರಾಯಿತು. ಎರಡು ಪಕ್ಷಗಳಲ್ಲಿಯೂ ಸ್ವಲ್ಪ ನಿಜವಿದೆ. ಎರಡೂ ತಮ್ಮ ನಿಜವನ್ನು ಅದರ ಎಲ್ಲೆಯಿಂದಾಚೆಗೆ ಎಳೆದಿವೆ.

ಮೊದಲನೆಯ ಪಕ್ಷವನ್ನು ಪರೀಕ್ಷಿಸಲು ಒಂದು ಪ್ರಸಿದ್ಧ ನಿದರ್ಶನವುಂಟು. ಮೈಕೇಲ್ ಫ್ಯಾರಡೆ ಲಂಡನ್ನಿನ ಒಬ್ಬ ಕಮ್ಮಾರನ ಮಗ. ಶಾಲೆಯ ಓದು ಅತ್ಯಲ್ಪ. ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬನ ಬಳಿ ಏಳು ವರ್ಷ ಕೆಲಸ ಕಲಿತನು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದಲ್ಲಿ ಆಸಕ್ತಿಯನ್ನು ಬೆಳೆಸಿಕೊಂಡನು. ೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟುಗಳಿಂದ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶವು ದೊರೆಯಿತು. ಫ್ಯಾರಡೆ ಅವುಗಳನ್ನು ಗುರುತುಹಾಕಿಕೊಂಡು, ಬಿಡಿಸಿ ಬರೆದು, ಚಿತ್ರಗಳನ್ನು ಸೇರಿಸಿ, ತನ್ನ ಕೈಯಿಂದಲೇ ರಟ್ಟುಕಟ್ಟಿ, ಅದೇ ವರ್ಷದ ಡಿಸೆಂಬರಿನಲ್ಲಿ ಉದ್ಯೋಗವನ್ನು ಬೇಡುವ ಕಾಗದದೊಡನೆ ಡೇವಿಗೆ ಕಳುಹಿಸಿದನು. ೧೮೧೩ರ ಜನವರಿಯಲ್ಲಿ ಡೇವಿ ಅವನನ್ನು ಕರೆದು ಮಾತಾಡಿಸಿದನು. ಸ್ಥಳವು ತೆರವಿರಲಿಲ್ಲ, ರಟ್ಟಿನ ಕೆಲಸವನ್ನು ಬಿಡಬೇಡವೆಂದು ಬುದ್ಧಿ ಹೇಳಿ ಕಳುಹಿಸಿದನು. ಕೆಲವೇ ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನೊಬ್ಬನು ಜಗಳದ ಕಾರಣ ವಜಾ ಆದಾಗ ಡೇವಿಗೆ ಈ ಹುಡುಗನ ನೆನಪಾಯಿತು. ೧೮೧೩ರ ಮಾರ್ಚಿ ೧ರಂದು ಫ್ಯಾರಡೆ ವಾರಕ್ಕೆ ೨೫ ಷಿಲಿಂಗುಗಳ ಸಂಬಳದ ಮೇಲೆ ನೇಮಕವಾದನು. ಹದಿನೆಂಟು ವರ್ಷಗಳ ತರುವಾಯ, ೧೮೩೧ರಲ್ಲಿ, ಅದೇ ಮನೆಯಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದವನು ಅವನೇ.

ಫ್ಯಾರಡೆ ಸುಮ್ಮನೆ ಕುಳಿತಿದ್ದರೆ ಲೋಕವು ಅವನನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಹಿಂದೊಮ್ಮೆ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಬರಿಯ ಅರ್ಜಿಯನ್ನು ಬರೆದಾಗ ಅದಕ್ಕೆ ಉತ್ತರವೇ ಬಂದಿರಲಿಲ್ಲ. ಎರಡನೆಯ ಸಲ ಅವನು ಅರ್ಜಿಯ ಜೊತೆಗೆ ಪ್ರಮಾಣವನ್ನು ಕಳುಹಿಸಿದನು. ಆ ಪುಸ್ತಕವು ನಿಸ್ಸಂದೇಹವಾಗಿ ಮೆಚ್ಚಿಸುವುದಕ್ಕಾಗಿಯೇ ಮಾಡಿದುದು. ಆದರೂ ಅದರಲ್ಲಿ ಸುಳ್ಳಿನ ಎಳೆಯಿಲ್ಲ. ಬರವಣಿಗೆಯು ಅವನ ಗ್ರಹಣಶಕ್ತಿಯಿಂದ ಬಂದುದು, ಚಿತ್ರಗಳು ಅವನ ಅವಲೋಕನದಿಂದ, ರಟ್ಟು ಅವನ ಕೈಯ ಅಭ್ಯಾಸದಿಂದ. ಮೆಚ್ಚಿಸಬೇಕೆಂಬ ಹಂಬಲವೇ ಸುಳ್ಳೆಂಬ ವಾದವು ಇಲ್ಲಿ ಬಿದ್ದುಹೋಗುತ್ತದೆ. ಪರೀಕ್ಷಕನಿಗೆ ತಿಳಿಯುವ ಹಕ್ಕಿದೆ. ಅವನ ಕೆಲಸಕ್ಕೆ ಬೇಕಾದ ಪ್ರಮಾಣವನ್ನು ಒದಗಿಸದೆ, ತಾನೇ ಊಹಿಸಿಕೊಳ್ಳಲೆಂದು ಬಿಡುವುದು ವಿನಯವಲ್ಲ. ಅದು ಬಹಳಮಟ್ಟಿಗೆ ಸಂಕೋಚ. ಕೆಲವೊಮ್ಮೆ ಸಂಕೋಚದ ವೇಷದಲ್ಲಿರುವ ಅಭಿಮಾನ.

ಆ ಭೇಟಿಯ ಇನ್ನೊಂದು ಅಂಶವೂ ಗಮನಾರ್ಹವಾದುದು. ವ್ಯಾಪಾರವು ಸ್ವಾರ್ಥಮಯವೆಂದೂ, ವಿಜ್ಞಾನವು ತನ್ನ ಉಪಾಸಕರನ್ನು ಉದಾರಿಗಳನ್ನಾಗಿ ಮಾಡುವುದೆಂದೂ ತನಗಿದ್ದ ಭಾವನೆಯನ್ನು ಫ್ಯಾರಡೆ ಡೇವಿಯ ಮುಂದೆ ಇಟ್ಟಿದ್ದನು. ಡೇವಿ ನಕ್ಕು, ವಿಜ್ಞಾನಿಗಳ ಔದಾರ್ಯದ ವಿಚಾರವನ್ನು ಕೆಲವು ವರ್ಷಗಳ ಅನುಭವವೇ ತಿಳಿಸಿಕೊಡಲಿ ಎಂದನಂತೆ. ಇದು ಅನುಭವವಿಲ್ಲದ ಹುಡುಗನ ಮಾತೆಂಬುದರಲ್ಲಿ ಸಂಶಯವಿಲ್ಲ. ಆದರೂ ಅದು ಅವನಿಗೆ ಅಡ್ಡಿಯಾಗಲಿಲ್ಲ. ಕಿರಿಯನಲ್ಲಿ ಪರಿಪಕ್ವತೆಯನ್ನು ಯಾರೂ ನಿರೀಕ್ಷಿಸುವುದಿಲ್ಲ. ನಿರೀಕ್ಷಿಸುವುದು ಕೆಲಸದ ಮೇಲಿನ ಪ್ರೀತಿಯನ್ನು, ಅದು ಬರಿಯ ಮಾತಲ್ಲವೆಂಬುದಕ್ಕೆ ಒಂದು ಗುರುತನ್ನು.

ಹಾಗಾದರೆ ಎಲ್ಲೆಯನ್ನು ಎಲ್ಲಿ ಗೊತ್ತುಮಾಡಬೇಕು? ಇದಕ್ಕೆ ನ್ಯಾಯಶಾಸ್ತ್ರದ ಒಂದು ಪರಿಭಾಷೆಯು ಸಹಾಯವಾಗುತ್ತದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ಅನುಮಾನ; ಹೊಗೆಯು ಅದಕ್ಕೆ ಹೇತು. ಮಂಜನ್ನೇ ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿದರೆ ತಪ್ಪಾಗುತ್ತದೆ. ಸಂದರ್ಶನವೂ ಒಂದು ಅನುಮಾನವೇ. ಕಾಣದ ಯೋಗ್ಯತೆಯನ್ನು ಪರೀಕ್ಷಕನು ಕಂಡ ಗುರುತಿನಿಂದ ಊಹಿಸುತ್ತಾನೆ. ಉಮೇದುವಾರನು ತನ್ನಲ್ಲಿರುವ ಬೆಂಕಿಯ ಹೊಗೆಯು ಕಾಣುವಂತೆ ಕಿಟಕಿಯನ್ನು ತೆರೆದರೆ ಅದು ಧರ್ಮ. ಬೆಂಕಿಯಿಲ್ಲದ ಕಡೆ ಮಂಜನ್ನು ಎಬ್ಬಿಸಿದರೆ ಅದು ಮೋಸ. ಗುರುತು ಯಾವ ಗುಣವನ್ನು ಸೂಚಿಸುವುದೋ ಆ ಗುಣದಿಂದಲೇ ಹುಟ್ಟಿದೆಯೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಅದನ್ನು ಒರೆಹಚ್ಚುವ ಸುಲಭವಾದ ಉಪಾಯವೊಂದುಂಟು: ಈ ಗುರುತು ಹೇಗೆ ಉಂಟಾಯಿತೆಂಬ ಕಥೆಯನ್ನೆಲ್ಲ ಪರೀಕ್ಷಕನಿಗೆ ತಿಳಿಸಿದರೂ ಅವನ ಅಭಿಪ್ರಾಯವು ನಿಲ್ಲುವುದೆ? ಫ್ಯಾರಡೆಯ ಪುಸ್ತಕದ ಹಿಂದಿನ ಕಥೆಯನ್ನು ಹೇಳಿದಷ್ಟೂ ಮೆಚ್ಚಿಕೆಯು ಹೆಚ್ಚುತ್ತದೆ. ಹಣ ಕೊಟ್ಟು ಪಡೆದ ಅನುಭವಪತ್ರದ ಕಥೆಯು ಹೊರಬಿದ್ದ ಕ್ಷಣವೇ ಎಲ್ಲವೂ ಕುಸಿಯುತ್ತದೆ.

ಈ ಒರೆಗಲ್ಲಿನಿಂದ ಇಂದಿನ ಅನೇಕ ಸಂದೇಹಗಳು ಬಗೆಹರಿಯುತ್ತವೆ. ಶುಭ್ರವಾದ ಉಡುಪು, ಸಕಾಲದ ಆಗಮನ, ಹಿಂದಿನ ದಿನ ಕಂಪೆನಿಯ ಕೆಲಸವೇನೆಂದು ಓದಿಕೊಂಡು ಬರುವುದು—ಇವು ನಿರ್ದೋಷಗಳು. ಏಕೆಂದರೆ ಅವು ಸೂಚಿಸುವ ಶ್ರದ್ಧೆಯೇ ಅವುಗಳನ್ನು ಮಾಡಿಸಿದೆ. ಮನೆಯಲ್ಲಿ ಹತ್ತು ಸಲ ಲೆಕ್ಕಗಳನ್ನು ಬಿಡಿಸಿ ಅಭ್ಯಾಸಮಾಡಿ ಬರುವುದೂ ನಿರ್ದೋಷವೇ. ಅಭ್ಯಾಸದಿಂದ ಬಂದುದು ತನ್ನದೇ. ಆದರೆ ದೂರದಿಂದ ತೆರೆಯ ಮೇಲೆ ನಡೆಯುವ ಸಂದರ್ಶನದಲ್ಲಿ ಕಿವಿಯೊಳಗೆ ಪಿಸುಗುಟ್ಟುವ ಗೆಳೆಯನ ಮಾತನ್ನು, ಅಥವಾ ಪಕ್ಕದಲ್ಲಿಟ್ಟುಕೊಂಡ ಕೃತಕ ಬುದ್ಧಿಯ ಯಂತ್ರವು ಬರೆದುಕೊಟ್ಟ ಉತ್ತರವನ್ನು, ತನ್ನದೆಂಬಂತೆ ಓದಿಹೇಳುವುದು ಮಂಜನ್ನು ಎಬ್ಬಿಸಿದಂತೆ. ಯಂತ್ರದ ಸಹಾಯವನ್ನು ಪಡೆಯುವುದು ಸ್ವತಃ ಪಾಪವಲ್ಲ. ಪರೀಕ್ಷಕನು ಒಪ್ಪಿ ಅನುಮತಿಸಿದಲ್ಲಿ ಅದೂ ಒಂದು ಕೌಶಲವೇ. ಮುಚ್ಚಿಟ್ಟುದರಿಂದಲೇ ಅದು ದೋಷವಾಗುತ್ತದೆ.

ಹೇಳದೆ ಬಿಡುವುದರ ವಿಚಾರವು ಇದಕ್ಕಿಂತ ಸೂಕ್ಷ್ಮವಾದುದು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ಎಫ್.ಎ. ಪರೀಕ್ಷೆಯಲ್ಲಿ ಗಣಿತೇತರ ವಿಷಯಗಳ ಕಾರಣದಿಂದ ತೇರ್ಗಡೆಯಾಗಲಿಲ್ಲ. ೧೯೧೨ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನ ಗುಮಾಸ್ತೆಯ ಕೆಲಸಕ್ಕೆ ಬರೆದ ಅರ್ಜಿಯಲ್ಲಿ ಅವರು ತಾವು ಮೆಟ್ರಿಕ್ಯುಲೇಷನ್ ಮುಗಿಸಿ ಎಫ್.ಎ.ವರೆಗೆ ಓದಿದುದಾಗಿಯೂ, ಪ್ರತಿಕೂಲ ಸಂದರ್ಭಗಳಿಂದ ಓದನ್ನು ಮುಂದುವರಿಸಲಾಗಲಿಲ್ಲವೆಂದೂ, ಕಾಲವನ್ನೆಲ್ಲ ಗಣಿತಕ್ಕೆ ಮೀಸಲಿಟ್ಟುದಾಗಿಯೂ ತಿಳಿಸಿದರು. ತಿಂಗಳಿಗೆ ೩೦ ರೂಪಾಯಿನ ಆ ಕೆಲಸವು ಸಿಕ್ಕಿತು. ‘ಅನುತ್ತೀರ್ಣನಾದೆನು’ ಎಂಬ ಮಾತನ್ನು ಅರ್ಜಿಯು ಹೇಳಲಿಲ್ಲ. ಇದು ಮೋಸವೆ? ಎಫ್.ಎ. ಪದವಿಯು ತಮಗುಂಟೆಂದು ಅವರು ಸೂಚಿಸಲಿಲ್ಲ. ಅದಿಲ್ಲವೆಂಬುದು ಓದಿದವನಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಕೊರತೆಯನ್ನು ಒಪ್ಪಿ, ಅದರ ಅವಮಾನವನ್ನು ಮಾತ್ರ ವಿಸ್ತರಿಸದೆ ಬಿಟ್ಟರು. ಮೌನವು ಕೇಳುವವನಲ್ಲಿ ತಪ್ಪು ತಿಳಿವಳಿಕೆಯನ್ನು ಹುಟ್ಟಿಸದಿದ್ದರೆ ಅದು ಮರ್ಯಾದೆಯ ಮೌನ. ಹುಟ್ಟಿಸಿದರೆ ಅದು ಬಾಯಿಲ್ಲದ ಸುಳ್ಳು.

ಅದಕ್ಕೆ ಮುಂಚೆ, ೧೯೧೦ರಲ್ಲಿ, ಅವರು ನೆಲ್ಲೂರಿನ ಕಲೆಕ್ಟರಾಗಿದ್ದ ಆರ್. ರಾಮಚಂದ್ರರಾಯರನ್ನು ಕಂಡುದೂ ಒಂದು ಬಗೆಯ ಸಂದರ್ಶನವೇ. ರಾಯರು ತರುವಾಯ ಬರೆದ ಸ್ಮರಣೆಯ ಪ್ರಕಾರ, ಬಂದವರ ಉಡುಪು ನೀಟಾಗಿರಲಿಲ್ಲ, ಮುಖಕ್ಷೌರವಾಗಿರಲಿಲ್ಲ. ಹೊಳೆಯುವ ಕಣ್ಣುಗಳೂ ಕಂಕುಳಲ್ಲಿ ಒಂದು ಹಳೆಯ ನೋಟುಪುಸ್ತಕವೂ ಇದ್ದುವು. ಪುಸ್ತಕದಲ್ಲಿದ್ದುದು ರಾಯರಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಬಂದಾಗ ರಾಮಾನುಜನ್ ಅವರು ತಮ್ಮ ಫಲಿತಾಂಶಗಳಲ್ಲಿ ಸುಲಭವಾದುವನ್ನು ಮೊದಲು ತೋರಿಸಿ, ಮೆಟ್ಟಿಲು ಮೆಟ್ಟಿಲಾಗಿ ಕಠಿನವಾದುವುಗಳ ಕಡೆಗೆ ಕರೆದೊಯ್ದರು. ಕೊನೆಗೆ ರಾಯರು ಒಪ್ಪಿದರು. ತೋರಿಸುವ ಕಲೆಯೆಂದರೆ ಇದೇ. ಇಲ್ಲದುದನ್ನು ಸೇರಿಸಲಿಲ್ಲ, ಇದ್ದುದನ್ನು ನೋಡುವವನ ಕಣ್ಣಿನ ಎತ್ತರಕ್ಕೆ ತಂದಿಟ್ಟರು. ಉತ್ತಮವಾದ ತೋರಿಕೆಯು ತನ್ನ ಸೇವೆಗಿಂತ ಹೆಚ್ಚಾಗಿ ನೋಡುವವನ ಸೇವೆ.

ಇದನ್ನು ಇಂದಿನ ಸಂದರ್ಶನಕ್ಕೆ ಅನ್ವಯಿಸಿ ನೋಡಬಹುದು. ಗಣಕಯಂತ್ರದ ಕೆಲಸಕ್ಕೆ ಬರುವ ಹೊಸಬರಿಗೆ ‘ಫಿಜ್ ಬಜ್’ ಎಂಬ ಸಣ್ಣ ಸಮಸ್ಯೆಯನ್ನು ಕೊಡುವ ಪದ್ಧತಿಯುಂಟು. ಇಂಗ್ಲಿಷ್ ಮಕ್ಕಳ ಎಣಿಕೆಯ ಆಟವೊಂದರಿಂದ ಬಂದುದು. ಒಂದರಿಂದ ನೂರರವರೆಗೆ ಸಂಖ್ಯೆಗಳನ್ನು ಬರೆಯಿಸಬೇಕು. ಮೂರರಿಂದ ಭಾಗವಾಗುವ ಕಡೆ ‘ಫಿಜ್’ ಎಂದೂ, ಐದರಿಂದ ಭಾಗವಾಗುವ ಕಡೆ ‘ಬಜ್’ ಎಂದೂ, ಎರಡರಿಂದಲೂ ಆಗುವ ಕಡೆ ಎರಡು ಮಾತುಗಳನ್ನೂ ಹಾಕಿಸಬೇಕು. ಅವಸರದಲ್ಲಿ ಮೂರನ್ನೇ ಮೊದಲು ಪರೀಕ್ಷಿಸಿ ಅಲ್ಲಿಗೇ ನಿಲ್ಲಿಸುವಂತೆ ಬರೆದವನ ಯಂತ್ರವು ಹದಿನೈದು ಬಂದಾಗ ‘ಫಿಜ್’ ಎಂದಷ್ಟೇ ಹೇಳುತ್ತದೆ. ಒಬ್ಬನು ಎಲ್ಲಿಯೋ ಓದಿದ ಉತ್ತರವನ್ನು ಕ್ಷಣದಲ್ಲಿ ಬರೆದುಕೊಟ್ಟನೆಂದು ಎಣಿಸೋಣ. ಇನ್ನೊಬ್ಬನು ಆ ತಪ್ಪನ್ನೇ ಮಾಡಿ, ಕೇಳುವ ಮೊದಲೇ ತಾನಾಗಿ ಹದಿನೈದನ್ನು ಇಟ್ಟು ನೋಡಿ, ‘ಇಲ್ಲಿ ಸರಿಹೋಗುವುದಿಲ್ಲ, ಎರಡನ್ನೂ ಕೂಡಿದ ಪರೀಕ್ಷೆ ಮೊದಲು ಬರಬೇಕು’ ಎಂದು ತಿದ್ದಿದನೆನ್ನೋಣ. ಮೊದಲನೆಯವನ ಉತ್ತರದಿಂದ ಅವನ ಸ್ಮರಣೆಯು ತಿಳಿಯುತ್ತದೆ. ಎರಡನೆಯವನ ತಿದ್ದುಪಡಿಯಿಂದ ನಾಳೆ ಮೇಜಿನ ಮುಂದೆ ಕುಳಿತಾಗ ಅವನು ಹೇಗೆ ಕೆಲಸಮಾಡುವನೆಂಬುದು ತಿಳಿಯುತ್ತದೆ. ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕೆಂದು ಅನುಭವಿಗಳು ಹೊಸಬರಿಗೆ ಹೇಳುವುದರ ತಾತ್ಪರ್ಯವೂ ಇದೇ: ಮನಸ್ಸಿನ ನಡೆಯು ಕಾಣುವಂತೆ ಮಾಡುವುದು.

ಇಲ್ಲಿಯೇ ‘ತಿಳಿಯದು’ ಎಂಬ ಮಾತಿನ ಬೆಲೆಯನ್ನೂ ವಿಚಾರಿಸಬೇಕು. ಆ ಮಾತನ್ನು ಆಡಿದರೆ ಕೆಲಸವು ಕೈತಪ್ಪುವುದೆಂದು ತರುಣರು ಹೆದರುತ್ತಾರೆ. ಆದರೆ ಕಿರಿಯ ತಾಂತ್ರಿಕನಿಂದ ಮುಖ್ಯವಾಗಿ ಬೇಕಾದುದು ಏನು? ೧೯೦೭ರಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಯ ಮೇಲೆ ಕ್ವಿಬೆಕ್ ಸೇತುವೆಯನ್ನು ಕಟ್ಟುತ್ತಿದ್ದಾಗ, ಅಲ್ಲಿದ್ದ ನಾರ್ಮನ್ ಮೆಕ್ಲೂರ್ ಎಂಬ ತರುಣ ಇಂಜಿನಿಯರು ಉಕ್ಕಿನ ಅಂಗವೊಂದು ಎರಡು ಅಂಗುಲಕ್ಕೂ ಮೀರಿ ಬಗ್ಗಿರುವುದನ್ನು ಅಳೆದು ಕಂಡನು. ಕೆಲವು ಹಿರಿಯರು ಅದು ಮೊದಲಿನಿಂದಲೇ ಹಾಗಿದ್ದಿತೆಂದು ವಾದಿಸಿದರು. ಅವನು ಸಮಾಧಾನಪಡದೆ ನ್ಯೂಯಾರ್ಕಿನಲ್ಲಿದ್ದ ಮುಖ್ಯ ಸಲಹೆಗಾರನಲ್ಲಿಗೆ ಹೋಗಿ ತಿಳಿಸಿದನು. ಸೇತುವೆಯ ಮೇಲೆ ಇನ್ನು ಭಾರ ಹಾಕಕೂಡದೆಂಬ ತಂತಿಯು ಹೊರಟಿತಾದರೂ ಅದು ಕಟ್ಟಡದ ಸ್ಥಳವನ್ನು ಮುಟ್ಟಿ ಕೆಲಸವನ್ನು ನಿಲ್ಲಿಸುವ ಮೊದಲೇ, ಆಗಸ್ಟ್ ೨೯ರ ಸಂಜೆ, ಸೇತುವೆಯು ನದಿಗೆ ಬಿದ್ದು ೭೫ ಮಂದಿ ಸತ್ತರು. ಆ ದಿನ ಹಿರಿಯರ ಖ್ಯಾತಿಯು ಸೇತುವೆಯನ್ನು ಎತ್ತಿಹಿಡಿಯಲಿಲ್ಲ. ಕಂಡುದನ್ನು ಕಂಡಂತೆ ಹೇಳುವ, ತಿಳಿಯದುದನ್ನು ತಿಳಿಯದೆಂದು ಒಪ್ಪುವ ಕಿರಿಯನೇ ಅಲ್ಲಿ ನಿಜವಾದ ತಂತ್ರಜ್ಞನಾಗಿದ್ದನು. ಸಂದರ್ಶನದಲ್ಲಿ ‘ಇದು ನನಗೆ ತಿಳಿಯದು, ಆದರೆ ಹೀಗೆ ಹುಡುಕುವೆನು’ ಎನ್ನಬಲ್ಲವನು ಆ ಗುಣದ ಮುಂಗಡವನ್ನು ಕೊಟ್ಟಂತೆ.

ಇಷ್ಟಾದರೂ ಎರಡನೆಯ ಪಕ್ಷದವರ ಗಟ್ಟಿಯಾದ ಆಕ್ಷೇಪವೊಂದು ಉಳಿಯುತ್ತದೆ. ಹಸಿದ ಮನೆಗೆ ಈ ಧರ್ಮಸೂಕ್ಷ್ಮವೇಕೆ? ಒಂದು ಸಣ್ಣ ಸುಳ್ಳಿನಿಂದ ಒಂದು ಸಂಸಾರವು ನಿಲ್ಲುವುದಾದರೆ ಅದನ್ನು ಆಡಬಾರದೆ? ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವವರು ಹಸಿವನ್ನು ಕಂಡವರಲ್ಲ. ಕಷ್ಟದಲ್ಲಿ ತಪ್ಪಿದವನ ಮೇಲಿನ ನಿಂದೆಯು ಕಡಮೆಯಾಗಬೇಕೆಂಬುದು ನಿಜ. ಆದರೆ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಮೊದಲನೆಯದು: ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತ ಇನ್ನೊಬ್ಬ ಉಮೇದುವಾರನ ಮನೆಯಲ್ಲಿಯೂ ಅದೇ ಸಾಲ, ಅದೇ ಕಾಯಿಲೆ ಇರಬಹುದು, ಸುಳ್ಳು ಮುಟ್ಟುವುದು ಕಂಪೆನಿಯ ಪೆಟ್ಟಿಗೆಯನ್ನಲ್ಲ, ಅವನ ಅನ್ನವನ್ನು. ಎರಡನೆಯದು: ಈ ಸುಳ್ಳು ಅರ್ಧ ಗಂಟೆಗೆ ಮುಗಿಯುವುದಲ್ಲ. ಕಿರಿಯ ಹುದ್ದೆಯ ಅತ್ಯಂತ ದೊಡ್ಡ ಸೌಭಾಗ್ಯವೆಂದರೆ ಕೇಳಿ ಕಲಿಯುವ ಹಕ್ಕು. ಎರಡು ವರ್ಷದ ಅನುಭವವಿದೆಯೆಂದು ಸುಳ್ಳು ಪತ್ರವನ್ನು ತೋರಿಸಿ ಬಂದವನು ಆ ಹಕ್ಕನ್ನು ಮೊದಲ ದಿನವೇ ಮಾರಿಕೊಂಡಿರುತ್ತಾನೆ. ಕೇಳಿದರೆ ಬಣ್ಣ ಬಯಲಾದೀತು; ಕೇಳದಿದ್ದರೆ ಕೆಲಸ ಕೆಟ್ಟೀತು. ‘ಸಿಕ್ಕ ಮೇಲೆ ಕಲಿತುಕೊಂಡರಾಯಿತು’ ಎಂಬ ಮಾತು ಸುಳ್ಳಾಗುವುದು ಇಲ್ಲಿ: ಕಲಿಯುವುದಕ್ಕೆ ಬೇಕಾದ ಬಾಗಿಲನ್ನು ಅವನು ಒಳಗೆ ಬರುವಾಗಲೇ ಮುಚ್ಚಿಕೊಂಡು ಬಂದಿದ್ದಾನೆ. ನಿಜ ಹೇಳಿ ಬಂದವನಾದರೋ ಮೊದಲ ತಿಂಗಳಿನಲ್ಲಿ ನೂರು ಪ್ರಶ್ನೆಗಳನ್ನು ನಿರ್ಭಯವಾಗಿ ಕೇಳಬಹುದು.

ಧರ್ಮವು ಉಮೇದುವಾರನ ಮೇಲೆ ಮಾತ್ರ ಬಿದ್ದ ಭಾರವೆಂದು ತಿಳಿದರೆ ಈ ವಿಚಾರವು ಅರ್ಧವಾದಂತಾಗುತ್ತದೆ. ಮಂಜನ್ನು ಹೊಗೆಯೆಂದು ಭ್ರಮಿಸುವ ಪರೀಕ್ಷಕನೂ ಹೊಣೆಗಾರನೇ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಓಲೆಗಳಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು ಆರಿಸುವ ಪ್ರಕರಣವೊಂದುಂಟು. ಯಾವ ಗುಣವನ್ನು ಎಲ್ಲಿ ಪರೀಕ್ಷಿಸಬೇಕೆಂಬ ವಿಭಾಗವೇ ಅಲ್ಲಿಯ ವೈಶಿಷ್ಟ್ಯ. ಶಿಲ್ಪನೈಪುಣ್ಯವನ್ನು ಅದೇ ವಿದ್ಯೆಯನ್ನು ಬಲ್ಲವರಿಂದ ತಿಳಿಯಬೇಕು. ಪ್ರಜ್ಞೆ, ದಕ್ಷತೆಗಳನ್ನು ಕೆಲಸಕ್ಕೆ ಹಚ್ಚಿ ನೋಡಿ ತಿಳಿಯಬೇಕು. ಶೀಲವನ್ನು ಜೊತೆಯಲ್ಲಿ ವಾಸಿಸಿದವರಿಂದ ತಿಳಿಯಬೇಕು. ಸಂಭಾಷಣೆಯಿಂದ ತಿಳಿಯುವುದು ವಾಕ್ಪಟುತ್ವ, ದಿಟ್ಟತನ, ಸಮಯಸ್ಫೂರ್ತಿ—ಇಷ್ಟೇ. ಮಾತಿನಿಂದ ಮಾತುಗಾರಿಕೆಯನ್ನು ಅಳೆಯಬಹುದಲ್ಲದೆ ಕೈಯ ಕೌಶಲವನ್ನು ಅಳೆಯಲಾಗದೆಂಬ ಈ ವಿವೇಕವನ್ನು ಇಂದಿನ ಸಂದರ್ಶನಕಾರರು ಎಷ್ಟೋ ಸಲ ಮರೆಯುತ್ತಾರೆ.

ಆಧುನಿಕ ಮನಶ್ಶಾಸ್ತ್ರವೂ ಇದನ್ನೇ ಸಮರ್ಥಿಸಿದೆ. ೧೯೨೦ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಪಂಡಿತನು, ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳಿಗೆ ಕೊಟ್ಟ ಬೆಲೆಗಳನ್ನು ಹೋಲಿಸಿ, ಒಂದು ಗುಣದಲ್ಲಿ ಹಿಡಿಸಿದವನಿಗೆ ಉಳಿದ ಗುಣಗಳಲ್ಲಿಯೂ ಹೆಚ್ಚು ಬೆಲೆ ಬೀಳುತ್ತದೆಂದು ತೋರಿಸಿದನು. ೧೯೯೮ರಲ್ಲಿ ಷ್ಮಿಟ್ ಮತ್ತು ಹಂಟರ್ ಎಂಬಿಬ್ಬರು ೮೫ ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ, ಮನಬಂದಂತೆ ನಡೆಸುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕ್ರಮವಾಗಿ ಕೇಳುವ ಸಂದರ್ಶನವೂ, ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವ ಪರೀಕ್ಷೆಯೂ ಹೆಚ್ಚು ನಂಬಿಕೆಗೆ ಅರ್ಹವೆಂದು ತೀರ್ಮಾನಿಸಿದರು. ೨೦೨೨ರಲ್ಲಿ ಬೇರೆ ವಿದ್ವಾಂಸರು ಆ ಲೆಕ್ಕವನ್ನು ಮತ್ತೆ ಮಾಡಿದಾಗ ಅಂಕಿಗಳು ತಗ್ಗಿದರೂ, ಕ್ರಮಬದ್ಧವಾದ ಸಂದರ್ಶನವು ಅಗ್ರಸ್ಥಾನದಲ್ಲಿಯೇ ನಿಂತಿತು.

ಕನ್ನಡ ನಾಡಿನಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದ ಹುಡುಗಿಯು ಇಂಗ್ಲಿಷಿನಲ್ಲಿ ತಡವರಿಸಿದರೆ, ಆ ತಡವರಿಕೆಯು ವಿಷಯಜ್ಞಾನದ ಕೊರತೆಯೆಂದು ಎಣಿಕೆಯಾಗುವುದುಂಟು. ನಿರರ್ಗಳವಾದ ಇಂಗ್ಲಿಷು ಆ ಭಾಷೆಯ ಅಭ್ಯಾಸಕ್ಕೆ ಹೇತುವೇ ಹೊರತು ತಾಂತ್ರಿಕ ಯೋಗ್ಯತೆಗಲ್ಲ. ಇಂಥಲ್ಲಿ ಆ ಹುಡುಗಿಯು ಮಾಡಬಹುದಾದುದು ಫ್ಯಾರಡೆ ಮಾಡಿದುದನ್ನೇ: ತಾನು ಕಟ್ಟಿದ ಸಣ್ಣ ಯಂತ್ರವನ್ನೋ ಬರೆದ ಪ್ರೋಗ್ರಾಮನ್ನೋ ಮುಂದಿಟ್ಟು, ಅದರ ಪರವಾಗಿ ಅದೇ ಮಾತಾಡುವಂತೆ ಮಾಡುವುದು. ಪರೀಕ್ಷಕನು ಮಾಡಬೇಕಾದುದು ಆ ವಸ್ತುವನ್ನು ನೋಡುವ ತಾಳ್ಮೆಯನ್ನು ತೋರುವುದು.

ಇಷ್ಟನ್ನೆಲ್ಲ ಮಾಡಿದರೂ ಕೆಲಸವು ಸಿಕ್ಕಿಯೇ ಸಿಗುವುದೆಂಬ ಭರವಸೆಯಿಲ್ಲ. ಫ್ಯಾರಡೆಯೇ ಮೊದಲ ಭೇಟಿಯಲ್ಲಿ ಬರಿಗೈಯಿಂದ ಹಿಂದಿರುಗಿದನು. ಸ್ಥಳವು ತೆರವಾಗದಿದ್ದರೆ ಅವನ ಬಾಳು ಬೇರೆ ದಾರಿಯನ್ನು ಹಿಡಿಯುತ್ತಿದ್ದಿತು. ಆಯ್ಕೆಯು ಅನೇಕ ಕಾರಣಗಳ ಕೂಟ; ಉಮೇದುವಾರನ ಕೈಯಲ್ಲಿರುವುದು ಅವುಗಳಲ್ಲಿ ಒಂದು. ಆ ಒಂದನ್ನು ಅವನು ಶುದ್ಧವಾಗಿ ನಿರ್ವಹಿಸಿದರೆ, ತಿರಸ್ಕೃತನಾದರೂ ಅವನ ಪುಸ್ತಕ ಅವನದು, ಅಭ್ಯಾಸ ಅವನದು, ಮುಂದಿನ ಬಾಗಿಲಿಗೆ ಒಯ್ಯಲು ಅವು ಉಳಿಯುತ್ತವೆ. ಸುಳ್ಳಿನಿಂದ ಗೆದ್ದವನಿಗೆ ಉಳಿಯುವುದು ಆ ಸುಳ್ಳನ್ನು ಕಾಯುವ ಕೆಲಸ. ಅದಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ. ‘ತೋರಿಕೆ’ ಎಂಬ ಶಬ್ದಕ್ಕೆ ಅಂಟಿದ ಕಹಿಯು ತೋರುವುದರಿಂದ ಬಂದುದಲ್ಲ, ತೋರಲು ಏನೂ ಇಲ್ಲದಿರುವುದರಿಂದ ಬಂದುದು. ಒಳಗೆ ವಸ್ತುವನ್ನು ಸಂಪಾದಿಸಿಕೊಂಡವನು ಅದನ್ನು ಬೆಳಕಿಗೆ ಹಿಡಿಯಲು ನಾಚಬೇಕಾಗಿಲ್ಲ.